ಮೇಲಿನ ಮನೆಯ ರೊಟ್ಟಿ ಸಪ್ಪಳ

ನವೆಂಬರ್ ೮, ೨೦೨೪

ಇವತ್ತೂ ಏಳುವುದು ತಡವಾಯಿತು. ಕಣ್ಣು ಬಿಟ್ಟಾಗ ಬಿಸಿಲು ಕಿಟಕಿ ದಾಟಿ ಹಾಸಿಗೆಗೆ ಬಂದಿತ್ತು. ಮದುವೆಯಾದಾಗಿನಿಂದ ನನ್ನನ್ನು ಎಬ್ಬಿಸುತ್ತಿದ್ದದ್ದು ಗಡಿಯಾರವಲ್ಲ, ಅಡುಗೆಮನೆಯಲ್ಲಿ ಶಿವಲೀಲಾ ರೊಟ್ಟಿ ಬಡಿಯುವ ಸಪ್ಪಳ. ದಸರೆಯ ಆಚೀಚೆ ಅದು ನಿಂತಿತು. ವಯಸ್ಸಾಯಿತು, ಮಣಿಕಟ್ಟು ನೋಯುತ್ತಿರಬೇಕು. ಓಣಿಯ ತುದಿಯಲ್ಲಿ ಜೋಹರಾಬಿ ರೊಟ್ಟಿ ಅಂಗಡಿ ಇಟ್ಟಿದ್ದಾಳೆ, ಅಲ್ಲಿಂದಲೇ ತರಿಸುತ್ತಿರುವಂತೆ ಕಾಣುತ್ತದೆ. ನಾನು ಕೇಳಿಲ್ಲ. ಕೇಳಿದರೆ ಹಟಕ್ಕೆ ಬಿದ್ದು ನಾಳೆಯೇ ಬಡಿಯಲು ಕೂರುವ ಹೆಂಗಸು ಅವಳು. ತಟ್ಟೆಗೆ ಬರುವ ರೊಟ್ಟಿ ತಣ್ಣಗಿರುತ್ತದೆ, ಅಂಚು ಸೆಟೆದಿರುತ್ತದೆ. ಅವಳ ಕೈಯ ರೊಟ್ಟಿ ಎಲ್ಲಿ, ಇದೆಲ್ಲಿ! ಆದರೂ "ಛಲೋ ಅದಾವ" ಎಂದು ತಿನ್ನುತ್ತೇನೆ. ಇಷ್ಟು ವರ್ಷ ಸಂಸಾರ ಮಾಡಿ ಇಷ್ಟಾದರೂ ಸಭ್ಯತೆ ಕಲಿಯದಿದ್ದರೆ ಹೇಗೆ?

ಮಧ್ಯಾಹ್ನ ಗಂಗಾವತಿಗೆ ಹೋಗಿದ್ದೆ. ಅಲ್ಲಿನ ಒಂದು ಅಪಾರ್ಟ್‌ಮೆಂಟ್ ಸಂಘಕ್ಕೆ ನಾನೇ ಕಾನೂನು ಸಲಹೆಗಾರ. ಒಬ್ಬರು ಬಾಲ್ಕನಿ ತುಂಬ ಲವ್ ಬರ್ಡ್ಸ್ ಸಾಕಿದ್ದಾರೆ, ಚಿಲಿಪಿಲಿ ತಾಳಲಾಗುತ್ತಿಲ್ಲ ಎಂದು ಪಕ್ಕದ ಮನೆಯವರ ದೂರು. ಪಂಜರದ ಮುಂದೆ ಒಂದು ಗಳಿಗೆ ನಿಂತು ನೋಡಿದೆ. ಕೊಕ್ಕು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ಅಷ್ಟೆ. ಪಾಪ, ಮೂಕ ಪ್ರಾಣಿಗಳು. ದೂರಿನಲ್ಲಿ ಹುರುಳಿಲ್ಲ ಎಂದು ಹೇಳಿ ಬಂದೆ.

ಕೊಲೆ ಕೇಸು ನಡೆಸುವ ಗೆಳೆಯರು ನನ್ನನ್ನು 'ನಲ್ಲಿ-ನಾಯಿ ವಕೀಲ' ಎಂದು ಗೇಲಿ ಮಾಡುತ್ತಾರೆ. ಮಾಡಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಿ ಹೊಸ ಬಡಾವಣೆ ಎದ್ದರೂ ಅದರ ನಿವಾಸಿಗಳ ಸಂಘದ ನಿಯಮಾವಳಿ ಬರೆಯುವುದು ಈ ದೊಡ್ಡಬಸಪ್ಪನೇ. ಕೊಲೆ ಮಾಡುವವನು ಒಂದು ಸಲ ಮಾಡಿ ಮುಗಿಸುತ್ತಾನೆ. ನೆರೆಮನೆಯವರು ದಿನಾ ಒಬ್ಬರ ಮುಖ ಒಬ್ಬರು ನೋಡಬೇಕು. ಹೆಚ್ಚು ಕಾನೂನು ಬೇಕಾದದ್ದು ಅಲ್ಲಿಯೇ.

ನವೆಂಬರ್ ೧೫

ಕುಷ್ಟಗಿಯ ಹೊರಗೆ ತಾವರಗೇರಾ ರಸ್ತೆಯಲ್ಲಿರುವ ಹಿರಿಯರ ವಸತಿ ಕಾಲೊನಿಯಿಂದ ಅಧ್ಯಕ್ಷ ಪಕೀರಪ್ಪ ಬಂದಿದ್ದರು. ಗೇಟಿನ ಬಳಿ ದೊಡ್ಡ ಹುಣಸೆಮರ ಇರುವುದರಿಂದ ಕಾಲೊನಿಗೂ ಹುಣಸೆಮರ ಎಂದೇ ಹೆಸರು. ಪಕೀರಪ್ಪನವರ ಗಂಟಲು ದೊಡ್ಡದು. ಅವರು ಗುಟ್ಟು ಹೇಳಿದರೂ ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ.

"ವಕೀಲ್ರ, ಹೊಳಿಯಪ್ಪಂದು ಮೂರನೇ ದೂರು ಬಂತ್ರಿ. ಕೆಳಗಿನ ಮನಿ ಅವಂದು, ಮ್ಯಾಲಿನ ಮನಿ ಕಳಕಮ್ಮಂದು. ಮುಂಜಾನಿ ಐದಕ್ಕ ಆಕಿ ರೊಟ್ಟಿ ಬಡಿಯಾಕ ಚಾಲೂ ಮಾಡ್ತಾಳಂತ. ನನ್ನ ತಲಿ ಮ್ಯಾಲೆ ಬಡದಂಗ ಆಗತೈತಿ ಅಂತಾನ."

"ಆಕಿ ಏನಂತಾಳ?"

"ಆಕೀನ್ನ ಯಾರು ಕೇಳ್ಯಾರ? ಎಲ್ಲಾ ನೀವು ಬರದಂಗ, ಕಾಗದದ ಮ್ಯಾಲೇ ನಡದೈತ್ರಿ."

ಹೌದು, ನಾನೇ ಬರೆದದ್ದು. ದೂರು ಲಿಖಿತವಾಗಿಯೇ ಇರತಕ್ಕದ್ದು, ನೆರೆಯವರು ಆ ಬಗ್ಗೆ ಪರಸ್ಪರ ಮಾತಿಗಿಳಿಯತಕ್ಕದ್ದಲ್ಲ. ಈ ಒಂದು ಸಾಲಿನಿಂದ ಹುಣಸೆಮರದಲ್ಲಿ ಇಂದಿನವರೆಗೆ ಒಂದು ಜಗಳವೂ ಆಗಿಲ್ಲ. ಇನ್ನೊಂದು ಸಾಲು ಸ್ವಲ್ಪ ಬಿಗಿಯಾಗಿದೆ. ಮೂರು ದೂರು ನಿಜವೆಂದು ಸಾಬೀತಾದರೆ ತಪ್ಪು ಮಾಡಿದವರು ಮನೆ ಬಿಡಬೇಕು, ಸುಳ್ಳೆಂದು ಸಾಬೀತಾದರೆ ದೂರು ಕೊಟ್ಟವರು ಬಿಡಬೇಕು. ಬರೆದಾಗ ಇಂಥ ದಿನ ಬರುತ್ತದೆ ಅಂದುಕೊಂಡಿರಲಿಲ್ಲ. ಕಳಕಮ್ಮ ಯಲಬುರ್ಗಾ ಕಡೆಯ ವಿಧವೆ, ಹೊಳಿಯಪ್ಪ ಹೆಂಡತಿ ತೀರಿಕೊಂಡ ಮುದುಕ. ಇಬ್ಬರಿಗೂ ಬೇರೆ ಮನೆಯಿಲ್ಲ. ಒಬ್ಬರು ಹೋಗಲೇಬೇಕು, ಯಾರು ಎಂದು ನಾನು ಹೇಳಬೇಕು.

ನವೆಂಬರ್ ೨೩

ಶಿವಲೀಲಾ ಈಚೆಗೆ ಒಂದು ಒಳ್ಳೆಯ ರೂಢಿ ಮಾಡಿಕೊಂಡಿದ್ದಾಳೆ. ಅಡುಗೆಮನೆಯಿಂದಲೇ ಕೂಗುವುದನ್ನು ಬಿಟ್ಟು ಎದುರಿಗೆ ಬಂದು, ಹೆಗಲು ಮುಟ್ಟಿ ಮಾತು ಶುರು ಮಾಡುತ್ತಾಳೆ. ಹೊಸದಾಗಿ ಮದುವೆಯಾದಾಗಲೂ ಇಷ್ಟು ಮುಟ್ಟಿರಲಿಲ್ಲ.

ಕೋರ್ಟಿಗೆ ಬಂದಿರುವ ಹೊಸ ನ್ಯಾಯಾಧೀಶರು ಗಂಟಲಲ್ಲೇ ಮಾತಾಡುತ್ತಾರೆ. ಹುಬ್ಬಳ್ಳಿಯಲ್ಲಿರುವ ಮಗಳು ರೂಪಾ ಫೋನು ಮಾಡಿದ್ದಳು, ಅಲ್ಲಿಯ ನೆಟ್‌ವರ್ಕ್ ದಿನದಿನಕ್ಕೆ ಕೆಡುತ್ತಿದೆ. ಫೋನನ್ನು ಅವಳ ತಾಯಿಗೆ ಕೊಟ್ಟೆ. ಅದೇ ಫೋನಿನಲ್ಲಿ ತಾಯಿಗೆ ಮಾತ್ರ ಎಲ್ಲ ಕೇಳುತ್ತದೆ. ತಾಯಿ-ಮಗಳಿಗೆ ನೆಟ್‌ವರ್ಕಿನ ಹಂಗಿಲ್ಲ.

ಸಂಜೆ ಮನಸ್ಸು ತಡೆಯದೆ ಜೋಹರಾಬಿಯ ಅಂಗಡಿಗೆ ಹೋದೆ. "ನಮ್ಮ ಮನಿಗೆ ಕಳಸೋ ರೊಟ್ಟಿ ಸ್ವಲ್ಪ ಬಿಸಿ ಇರ್ಲಿ, ಅಂಚು ಮೆತ್ತಗಿರ್ಲಿ. ನಾ ಹೇಳಿದ್ದು ನಮ್ಮಾಕಿಗೆ ತಿಳಿಯೂದು ಬ್ಯಾಡ" ಎಂದೆ. ಅವಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ಏನೋ ಹೇಳಿದಳು. ಸೆರಗು ಅಡ್ಡ ಇಟ್ಟುಕೊಂಡು ಮಾತಾಡಿದರೆ ಯಾರಿಗೆ ಕೇಳಬೇಕು? ತಲೆಯಾಡಿಸಿ ಬಂದೆ. ಕೆಲಸ ಆದಂತೆಯೇ.

ಡಿಸೆಂಬರ್ ೪, ಹುಣಸೆಮರ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ಅದಕ್ಕೇ ನಿನ್ನೆ ಸಂಜೆಯ ಬಸ್ಸಿಗೆ ಬಂದು ಹೊಳಿಯಪ್ಪನವರ ಮನೆಯಲ್ಲೇ ಉಳಿದೆ. ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಜೀವಮಾನವೆಲ್ಲ ರಾತ್ರಿ ಪಾಳಿ ಮಾಡಿದ ಮನುಷ್ಯ. ಭಟ್ಟಿಯ ಮುಂದೆ ಕೂಗಿ ಮಾತಾಡಿ ರೂಢಿ. ಅವರು ಹೇಳಿದ ಒಂದು ಅಕ್ಷರವೂ ನನಗೆ ತಪ್ಪಲಿಲ್ಲ. ಸಾಕ್ಷಿ ಎಂದರೆ ಹೀಗಿರಬೇಕು.

"ಪಾಳಿ ಬಿಟ್ರೂ ನಿದ್ದಿ ಪಾಳಿ ಬದಲಾಗಿಲ್ರಿ. ನಾಲ್ಕಕ್ಕ ಕಣ್ಣು ಹತ್ತತಾವ, ಐದಕ್ಕ ಆಕಿ ಎಬ್ಬಸ್ತಾಳ. ಆಮ್ಯಾಲೆ ಇಡೀ ದಿನ ತಲಿ ಗುಂ ಅಂತೈತಿ."

"ಮೆಟ್ಲ ಹತ್ತಿ ಆಕಿಗೆ ಒಂದ ಮಾತು ಹೇಳಿದ್ರ?"

"ಹೆಂಗ ಹೇಳ್ಲಿರಿ? ನೆರಿಯವರು ಮಾತಿಗಿಳೀಬಾರ್ದಂತ ನೀವ ಬರದೀರಲ್ಲ! ಎದುರಿಗೆ ಬಂದ್ರೂ ನಾ ಮುಖ ತಿರುಗಸ್ಕೊಂಡು ಹೋಗ್ತೀನಿ. ಕಾಯ್ದೆ ಅಂದ್ರ ಕಾಯ್ದೆ."

ನಿಯಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಸದಸ್ಯರು ಸಿಗುವುದು ಅಪರೂಪ. ಮೆಚ್ಚುಗೆಯಾಯಿತು. ಅವರ ಕಿಟಕಿಯಲ್ಲಿ ಕಿನ್ನಾಳದ ಬಣ್ಣದ ಮರದ ಗೊಂಬೆ, ಒಂದು ಕಾಮಧೇನು ಇತ್ತು. ಹೆಂಡತಿ ತಂದದ್ದಂತೆ. ದಿನಾ ಒರೆಸುತ್ತಾರೆ, ಧೂಳಿನ ಕಣವಿಲ್ಲ.

ಬೆಳಿಗ್ಗೆ ಅವರೇ ನನ್ನನ್ನು ಅಲುಗಾಡಿಸಿ ಎಬ್ಬಿಸಿದರು. ಬೆರಳು ಸೂರಿನ ಕಡೆಗಿತ್ತು. "ಕೇಳ್ರಿ ಈಗ! ಇದ... ಇದ... ಮತ್ತ ಇದ!" ನಾನು ಮಂಚದ ಮೇಲೆ ಉಸಿರು ಬಿಗಿಹಿಡಿದು ಕೂತೆ. ಏನೂ ಇಲ್ಲ. ಇಂಥ ಪ್ರಶಾಂತವಾದ ಬೆಳಗು ನಮ್ಮ ಜಿಲ್ಲೆಯಲ್ಲಿ ಇನ್ನೂ ಉಳಿದಿದೆಯಲ್ಲ ಎಂದು ಖುಷಿಯೂ ಆಯಿತು. ನನ್ನ ಮುಖ ನೋಡುತ್ತ ನೋಡುತ್ತ ಅವರ ಬೆರಳು ಕೆಳಗಿಳಿಯಿತು.

"ಕೇಳಸಲಿಲ್ಲೇನ್ರಿ?"

"ಇಲ್ಲ" ಎಂದೆ.

ಅವರು ಎದ್ದು ಚಹಾಕ್ಕಿಟ್ಟರು. ನನಗೆ ಕೆಡುಕೆನಿಸಿತು. ಆದರೆ ಕೆಡುಕೆನಿಸಿತೆಂದು ಇಲ್ಲದ ಸಪ್ಪಳವನ್ನು ಇದೆ ಎನ್ನಲಾಗುತ್ತದೆಯೆ?

ಡಿಸೆಂಬರ್ ೬

ವರದಿ ಕಳಿಸಿದೆ. 'ನಾನು ಸ್ವತಃ ಸ್ಥಳದಲ್ಲಿದ್ದು ಕಿವಿಯಾರೆ ಪರೀಕ್ಷಿಸಿದ್ದೇನೆ. ಯಾವುದೇ ಸಪ್ಪಳವಿಲ್ಲ' ಎಂದು ಬರೆದು, ಮುದುಕನ ಮಾನ ಉಳಿಯಲೆಂದು ಇನ್ನೊಂದು ಸಾಲು ಸೇರಿಸಿದೆ: 'ದೂರುದಾರರು ದೀರ್ಘಕಾಲ ಕಾರ್ಖಾನೆಯಲ್ಲಿ ದುಡಿದವರಾದ್ದರಿಂದ ಅವರ ಕಿವಿಯಲ್ಲಿಯೇ ದೋಷವಿರುವ ಸಂಭವವಿದೆ.' ಆ ಭಟ್ಟಿಗಳ ಮೊರೆತ ಎಷ್ಟು ಜನರ ಕಿವಿ ತಿಂದಿದೆಯೋ. ಪಾಪ, ಇಂಥ ತೊಂದರೆ ಇದ್ದವರಿಗೆ ಅದು ತಮಗೇ ತಿಳಿಯುವುದಿಲ್ಲ.

ಡಿಸೆಂಬರ್ ೧೮

ಪಕೀರಪ್ಪ ಫೋನು ಮಾಡಿದ್ದರು. ನೆಟ್‌ವರ್ಕ್ ಸರಿಯಿಲ್ಲದ್ದರಿಂದ ಶಿವಲೀಲಾ ಕೇಳಿಸಿಕೊಂಡು ಹೇಳಿದಳು. ಹೊಳಿಯಪ್ಪ ಗಂಟುಮೂಟೆ ಕಟ್ಟುತ್ತಿದ್ದಾರಂತೆ. ಸಂಕ್ರಾಂತಿಯೊಳಗೆ ಮನೆ ಬಿಡಬೇಕು. ಕಾಲೊನಿಯ ಊಟದ ಮನೆಯಲ್ಲಿ ಕೆಲವರು ತಾಟು ಬಡಿದು "ಇದು ಕೇಳ್ತೈತೇನು ಹೊಳಿಯಪ್ಪ?" ಎಂದು ಚೇಷ್ಟೆ ಮಾಡಿದರಂತೆ. ಅವತ್ತಿನಿಂದ ಅವರು ಊಟಕ್ಕೇ ಬರುತ್ತಿಲ್ಲ. ಗಿಣಿಗೇರಾದಲ್ಲಿ ಹಳೆಯ ಜೊತೆಗಾರನೊಬ್ಬನ ಮಾಳಿಗೆ ಮೇಲಿನ ಕೋಣೆ ನೋಡಿಕೊಂಡಿದ್ದಾರಂತೆ. ಕುಂಟುವ ಆ ಮೊಣಕಾಲು ಇಟ್ಟುಕೊಂಡು ಮಾಳಿಗೆ ಹೇಗೆ ಹತ್ತುತ್ತಾರೋ.

"ನೀವು ಖರೇನ ಏನೂ ಕೇಳಲಿಲ್ಲೇನ್ರಿ?" ಎಂದು ಶಿವಲೀಲಾ ನನ್ನ ಹೆಗಲು ಹಿಡಿದು ಕೇಳಿದಳು.

"ಇಲ್ಲಂದ್ರ ಇಲ್ಲ."

ಏನೋ ಹೇಳಲು ಹೊರಟವಳನ್ನು ತಡೆದು ಟೀವಿ ಹಚ್ಚಿದೆ. ಅವಳಿಗೆ ಸಾಕ್ಷ್ಯದ ಕಾನೂನು ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.



ಡಿಸೆಂಬರ್ ೨೧

ಬೆಳಿಗ್ಗೆ ಕಚೇರಿ ಕೋಣೆಯಲ್ಲಿ ಕೂತಿದ್ದೆ. ಕುಷ್ಟಗಿ ಬಸ್ಸಿಳಿದು ಕಳಕಮ್ಮ ಬಂದಳು. ಎತ್ತರದ ಹೆಂಗಸು, ಕಂಕುಳಲ್ಲಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ಅವಳದು ಹೊಲದಾಚೆಯ ಆಳನ್ನು ಕರೆದು ಬೆಳೆದ ದನಿ.

"ವಕೀಲ್ರ, ನೀವು ಸುಳ್ಳ ಬರದೀರಿ."

"ನಿಮ್ಮ ಕಡೀನ ಬರದೀನಲ್ಲಬೇ?"

"ನನ್ನ ಕಡಿ ಬರದೀರಿ, ಖರೇದ ಕಡಿ ಬರದಿಲ್ಲ. ನಾ ದಿನಾ ಐದಕ್ಕ ರೊಟ್ಟಿ ಬಡೀತೀನಿ. ನೀವು ಬಂದ ದಿನ ಅಂತೂ ಜೋರಾಗೇ ಬಡದೀನಿ. ವಕೀಲರು ಬಂದಾರ, ಇದ್ದದ್ದು ಇದ್ದಂಗ ಕೇಳ್ಲಿ ಅಂತ. ಅಂಗೈ ಕೆಂಪಾಗಿದ್ವು."

"ಹಂಗಂದ್ರ ನೀವು ಮನಿ ಬಿಡಬೇಕಾಗತೈತಿ, ಗೊತ್ತೈತೇನು?"

"ಬಿಡ್ತೀನಿ. ನನ್ನ ರೊಟ್ಟಿ ಸಲುವಾಗಿ ಒಬ್ಬ ಮನಷ್ಯಾ ಸುಳ್ಳುಗಾರ ಅನಿಸ್ಕೊಂಡು ಹೋದ್ರ, ಆ ರೊಟ್ಟಿ ನನ್ನ ಗಂಟಲದಾಗ ಇಳೀತೈತೇನ್ರಿ?"

ಮೂರು ನೋಟಿಸು ಹೋದರೂ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದೆ. ಅವಳು ಹಣೆ ಬಡಿದುಕೊಂಡಳು. "ಅದರಾಗ 'ಶಬ್ದಮಾಲಿನ್ಯ' ಅಂತ ಬರದಿತ್ರಿ. ನಾ ಟೀವಿ ಸಣ್ಣಗ ಮಾಡಿದೆ. ಎರಡನೇದು ಬಂತು, ಟೀವಿ ಬಂದ್ ಮಾಡಿದೆ. ಮೂರನೇದು ಬಂತು, ಟೀವೀನ ತಂಗಿ ಮಗಳಿಗೆ ಕೊಟ್ಟು ಕಳಿಸಿದೆ! ರೊಟ್ಟಿ ಬಡಿಯೂದು ಶಬ್ದ ಅಂತ ನನಗ ಹೆಂಗ ಗೊತ್ತಾಗಬೇಕು? ನೀವು ಬಂದಾಗ ಪಕೀರಪ್ಪ ಹೇಳಿದ, ಆವಾಗ ತಿಳೀತು. ಹೊಳಿಯಪ್ಪ ಒಮ್ಮೆ ಬಾಗ್ಲಿಗೆ ಬಂದು 'ಯವ್ವಾ, ನಿದ್ದಿ ಕೆಡತೈತಿ' ಅಂದಿದ್ರ, ರೊಟ್ಟಿ ಬಡಿಯೋ ಕಲ್ಲಿನ ಕೆಳಗ ಹೊದಿಯೋ ಕೌದಿ ಹಾಸ್ತಿದ್ದೆ. ಅಷ್ಟ ಆಗಿತ್ತು."

ನನಗೆ ಸಿಟ್ಟು ಬಂತು. ನನ್ನ ಕಿವಿಯಾರೆ ಕೇಳಿದ್ದೇನೆ, ಸಪ್ಪಳ ಇರಲಿಲ್ಲ, ಬೇಕಾದರೆ ಪ್ರಮಾಣ ಮಾಡುತ್ತೇನೆ ಎಂದು ಮೇಜು ಕುಟ್ಟಿದೆ. ಅವಳು ಎದ್ದು ನನ್ನ ಬೆನ್ನ ಹಿಂದೆ ಹೋದಳು. ಹೊರಟಳೇನೋ ಎಂದುಕೊಂಡು ನಾನು ಕಡತ ತೆರೆದು ಓದಲು ಶುರು ಮಾಡಿದೆ. ಒಂದು ಪುಟ ಮುಗಿಸಿ ತಲೆಯೆತ್ತಿದರೆ, ಎದುರಿನ ಬಾಗಿಲಲ್ಲಿ ಶಿವಲೀಲಾ ನಿಂತಿದ್ದಳು. ಕಣ್ಣು ತುಂಬಿದ್ದವು. ಅವಳು ನೋಡುತ್ತಿದ್ದ ಕಡೆ ತಿರುಗಿದೆ. ಕಳಕಮ್ಮ ನನ್ನ ಮರದ ಕಪಾಟಿನ ಮೇಲ್ಗಡೆ ಅಂಗೈಯಿಂದ ರೊಟ್ಟಿ ಬಡಿದಂತೆ ಬಡಿಯುತ್ತಿದ್ದಳು.

"ಯಾವಾಗ ಚಾಲೂ ಮಾಡಿದ್ರಿ?" ಎಂದೆ.

"ಆಗ್ಲಿಂದ" ಎಂದಳು.

ಡಿಸೆಂಬರ್ ೨೨

ಏನೂ ಬರೆಯುವ ಮನಸ್ಸಿಲ್ಲ. ಕಳಕಮ್ಮ ಬಿಟ್ಟುಹೋದ ರೊಟ್ಟಿ ತಿಂದೆವು.

ಡಿಸೆಂಬರ್ ೨೭

ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆವು. ಗಾಜಿನ ಕೋಣೆಯಲ್ಲಿ ಕೂರಿಸಿ, ಸಪ್ಪಳ ಕೇಳಿದಾಗ ಕೈ ಎತ್ತಿ ಎಂದರು. ಬಹಳ ಹೊತ್ತು ಕೈ ತೊಡೆಯ ಮೇಲೆಯೇ ಇತ್ತು. ಹೊರಗಿನಿಂದ ಶಿವಲೀಲಾ ಗಾಜಿನಲ್ಲಿ ನೋಡುತ್ತಿದ್ದಳು. ಅವಳಿಗೋಸ್ಕರವಾದರೂ ಎತ್ತಿಬಿಡಲೇ ಎನಿಸಿತು. ಎರಡೂ ಕಿವಿ ಸಾಕಷ್ಟು ಹೋಗಿವೆ. ಒಂದೇ ದಿನದಲ್ಲಿ ಆದದ್ದಲ್ಲ, ಮೆಲ್ಲಗೆ ಹೋದದ್ದು, ಅದಕ್ಕೇ ತಿಳಿದಿಲ್ಲ ಎಂದರು. ಕಿವಿಗೆ ಹಾಕುವ ಮಿಶಿನ್ ಬರಲು ಎರಡು ವಾರ ಬೇಕು.

ಹೆದರಿಕೆಯಾಯಿತು. ಬರೆಯುವುದಕ್ಕೆ ನಾಚಿಕೆಯೇನು, ಇದು ನನ್ನದೇ ದಿನಚರಿ. ಇನ್ನೊಬ್ಬರ ಮಾತು ಕೇಳುವುದೇ ಕಸುಬಾದವನಿಗೆ ಕೇಳದಿದ್ದರೆ ಉಳಿದದ್ದೇನು? ಅದಕ್ಕಿಂತ ಹೆಚ್ಚಾಗಿ, ಸೂರಿನ ಕಡೆ ಎತ್ತಿದ ಆ ಬೆರಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಗಂಗಾವತಿಯ ಲವ್ ಬರ್ಡ್ಸ್ ಕೂಡ ನೆನಪಾದವು. ಅಲ್ಲಿಗೂ ಒಂದು ಸಲ ಹೋಗಿಬರಬೇಕು.

ಜನವರಿ ೫, ೨೦೨೫

ಹುಣಸೆಮರದ ಕೆಳಗೆ ಸಭೆ. ಶಿವಲೀಲಾಳನ್ನೂ ಕರೆದುಕೊಂಡು ಹೋಗಿದ್ದೆ, ನನ್ನ ಕಿವಿಯಾಗಿ. ಹೊಳಿಯಪ್ಪ ಸಭೆಗೆ ಬರದೆ ತಮ್ಮ ಹೊಸ್ತಿಲಲ್ಲಿ ಟ್ರಂಕಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಕಾಮಧೇನು.

ಅವರಿಗೂ ಕೇಳಲೆಂದು ದೊಡ್ಡದಾಗಿ ಹೇಳಿದೆ. "ನನ್ನ ವರದಿಯೊಳಗ ಕಿವಿ ದೋಷ ಐತಿ ಅಂತ ಬರದದ್ದು ಖರೇ ಐತಿ. ಯಾರ ಕಿವಿ ಅನ್ನೂದು ತಪ್ಪೈತಿ. ಕೆಟ್ಟದ್ದು ನನ್ನ ಕಿವಿ. ಹೊಳಿಯಪ್ಪನವರು ಒಂದ ಅಕ್ಷರನೂ ಸುಳ್ಳು ಹೇಳಿಲ್ಲ. ಅವರ ಕ್ಷಮಾ ಕೇಳ್ತೀನಿ."

ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ತಾಟು ಬಡಿದವರು ತಲೆ ತಗ್ಗಿಸಿದರು. ಪಕೀರಪ್ಪ ಎದ್ದು ನಿಂತರು. "ಹಂಗಾದ್ರ ಮೂರೂ ದೂರು ಖರೇ ಆದಂಗಾತು. ಕಾಯ್ದೆ ಪ್ರಕಾರ ಕಳಕಮ್ಮ ಮನಿ ಬಿಡಬೇಕಾಗತೈತಿ." ಕಳಕಮ್ಮ ತಲೆಯಾಡಿಸಿ ಸೆರಗು ಸರಿಮಾಡಿಕೊಂಡು ಎದ್ದಳು.

ಆಗ ಹೊಳಿಯಪ್ಪ ಕಾಮಧೇನುವನ್ನು ಎದೆಗವಚಿಕೊಂಡೇ ಕುಂಟುತ್ತ ಬಂದರು. ಭಟ್ಟಿಯ ಮುಂದಿನ ದನಿ. "ಆಕಿ ಹೋಗ್ಲಿ ಅಂತ ನಾ ಎಲ್ಲಿ ಬರದೀನ್ರಿ? ನಿದ್ದಿ ಬರವಲ್ದು ಅಂತ ಬರದೀನಿ, ಅಷ್ಟ! ಮೂರೂ ದೂರು ವಾಪಸ್ ತಗೊಂಡೀನಿ. ಹಾಕ್ಕೊಳ್ರಿ ಕಾಯ್ದೆ!" ಆಮೇಲೆ ಕಳಕಮ್ಮನ ಕಡೆ ತಿರುಗಿದರು. ಇಷ್ಟು ವರ್ಷ ಮುಖ ತಿರುಗಿಸಿ ನಡೆದವರು ಈಗ ಎದುರಿಗೇ ನಿಂತರು. ಅವಳೇ ಹೇಳಿದಳು. "ಕೌದಿ ಎರಡು ಮಡಿಕಿ ಮಾಡಿ ಹಾಸೀನಿ. ನಾಳಿ ಮುಂಜಾನಿ ಕೇಳಿ ನೋಡಿ ಹೇಳ್ರಿ. ಹೇಳ್ರಿ ಮತ್ತ, ಬರೀಬ್ಯಾಡ್ರಿ."

ಅಲ್ಲಿಯೇ ಕೂತು ನಿಯಮ ತಿದ್ದಿದೆ. ದೂರು ಬರೆಯುವ ಮುನ್ನ ಆ ನೆರೆಯವರ ಮನೆಗೆ ಹೋಗಿ ಒಂದು ಸಲ ಚಹಾ ಕುಡಿದಿರತಕ್ಕದ್ದು. ಕಾನೂನಿನ ಭಾಷೆಯಲ್ಲಿ ನಾನು ಬರೆದ ಅತ್ಯಂತ ಕೆಟ್ಟ ಸಾಲು ಇದು. ಎಲ್ಲರೂ ಕೈ ಎತ್ತಿದರು.

ಹೊರಡುವಾಗ ನೋಡಿದೆ, ಕಾಮಧೇನು ಮತ್ತೆ ಕಿಟಕಿಯಲ್ಲಿತ್ತು. ಭೋಗಿಯ ದಿನ ಎಲ್ಲರ ಊಟ ಹುಣಸೆಮರದಲ್ಲೇ, ನೀವಿಬ್ಬರೂ ಬೆಳಿಗ್ಗೆಯೇ ಬರಬೇಕು ಎಂದು ಕಳಕಮ್ಮ ಅಪ್ಪಣೆ ಮಾಡಿದ್ದಾಳೆ.

ಜನವರಿ ೧೩, ಭೋಗಿ

ಮೊದಲ ಬಸ್ಸು ಹಿಡಿಯಬೇಕೆಂದು ಫೋನನ್ನು ನಡುಗುವ ಅಲಾರಮ್ಮಿಗೆ ಹಾಕಿ ದಿಂಬಿನ ಕೆಳಗಿಟ್ಟು ಮಲಗಿದ್ದೆ. ಐದಕ್ಕೆ ಅದು ಎಬ್ಬಿಸಿತು. ಕತ್ತಲಲ್ಲೇ ತಡಕಾಡಿ, ನಿನ್ನೆ ಸಂಜೆ ತಂದ ಮಿಶಿನ್ನನ್ನು ಎರಡೂ ಕಿವಿಗೆ ಸಿಕ್ಕಿಸಿಕೊಂಡೆ. ಮೊದಲು ನನ್ನ ಉಸಿರೇ ಕೇಳಿ ಬೆಚ್ಚಿದೆ. ಆಮೇಲೆ ಹೊರಗೆ ಯಾವುದೋ ಹಕ್ಕಿ.

ಆಮೇಲೆ ಅಡುಗೆಮನೆಯಿಂದ, ಪಟ್ ಪಟ್ ಪಟ್. ಒಂದು ಕ್ಷಣ ಬಿಡುವು, ಬಳೆಯ ಸದ್ದು, ಮತ್ತೆ ಪಟ್ ಪಟ್ ಪಟ್.

ಎದ್ದವನು ಹಾಗೆಯೇ ಹಾಸಿಗೆಯ ಮೇಲೆ ಕೂತುಬಿಟ್ಟೆ. ಆಮೇಲೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ಭೋಗಿ ಅಂತ ಇವತ್ತು ಮನ್ಯಾಗ ಬಡೀಲಿಕತ್ತೀ ಏನು? ಜೋಹರಾಬಿ ಅಂಗಡಿ ಬಂದ್ ಐತೇನು?"

ಅವಳು ಎದ್ದು ಎದುರಿಗೆ ಬರಲಿಲ್ಲ, ಹೆಗಲು ಮುಟ್ಟಲಿಲ್ಲ. ಬೆನ್ನು ತೋರಿಸಿಕೊಂಡೇ, ಮೊದಲಿನ ದನಿಯಲ್ಲಿ ಹೇಳಿದಳು. "ಜೋಹರಾಬಿ ರೊಟ್ಟಿ ಈ ಮನಿಗೆ ಯಾವತ್ತ ಬಂದಾವ್ರಿ? ಒಂದ ದಿನಾನೂ ಬಡಿಯೂದು ಬಿಟ್ಟಿಲ್ಲ ನಾ. ನೀವು ಬಿಸಿಲೇರಿದ ಮ್ಯಾಲೆ ಏಳ್ತಿದ್ರಿ, ಆರಿ ಹೋಗ್ತಿದ್ವು. ಆಕಿ ಅಂಗಡಿಗೆ ಹೋಗಿ ತಗರಾರು ಹೇಳಿ ಬಂದದ್ದೂ ಗೊತ್ತೈತಿ. ನಾವಿಬ್ರೂ ನಕ್ಕು ನಕ್ಕು ಸಾಕಾತು. ಆಮ್ಯಾಲೆ ನಾ ಒಬ್ಬಾಕಿನ ಕುಂತು ಅತ್ತೆ."

"ಮತ್ತ ನನಗ ಯಾಕ ಹೇಳಲಿಲ್ಲ?"

"ದಿನಾ ಹೇಳ್ತಿದ್ದೆ" ಎಂದಳು. "ಏಳ್ರಿ, ರೊಟ್ಟಿ ಆರ್ತಾವ, ಅಂತ."

ಒಂದು ಅಕ್ಷರವೂ ತಪ್ಪದೆ ಕೇಳಿಸಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಹಂಚಿನಿಂದ ತೆಗೆದು ನೇರವಾಗಿ ನನ್ನ ಕೈಗೆ ಕೊಟ್ಟಳು. ಅಲ್ಲಿಯೇ ನಿಂತು ತಿಂದೆ. ಬಾಯಿ ಸುಟ್ಟಿತು.